ಹಳೇ ಬೋಟಿನ ಬಿಸಿಗಾಳಿ ಡಕ್ಟ್: ತಲೆನೋವು ಎಲ್ಲಿಂದ ಬಂತು?

ದಾವಣಗೆರೆಯಲ್ಲಿ ಹೀಟರ್ ಹಾಕುವಷ್ಟು ಚಳಿ ಬೀಳುವುದಿಲ್ಲ. ಸೂಳೆಕೆರೆಯಲ್ಲಿ ಬೋಟು ಬಿಟ್ಟರೂ ಅದಕ್ಕೆ ಬಿಸಿಗಾಳಿ ಬೇಕಿಲ್ಲ. ಆದರೂ ಹೋದ ಚಳಿಗಾಲದಲ್ಲಿ ಮೂರು ಭಾನುವಾರ ನಾನು ಪಿ.ಬಿ. ರೋಡಿನ ಹಿಂದಿರುವ ನನ್ನ ಶೆಡ್ಡಿನಲ್ಲಿ ಕೂತು ಇಂಗ್ಲೆಂಡಿನ ಕಾಲುವೆಯಲ್ಲಿ ನಿಂತಿರುವ ಬೋಟೊಂದರ ಹೀಟರ್ ದೋಷ ಹುಡುಕಿದೆ. ಎಲ್ಲಾ ವಿಡಿಯೋ ಕಾಲಿನಲ್ಲೇ. ಅಲ್ಲಿ ಮಧ್ಯಾಹ್ನ ಎರಡು, ಇಲ್ಲಿ ರಾತ್ರಿ ಏಳೂವರೆ.

ಬೋಟು ನನ್ನ ತಂಗಿ ಮಗನದು. ಅಲ್ಲಿ ಮನೆ ಬಾಡಿಗೆ ಕಟ್ಟಿ ಸಾಕಾಗಿ ಹಳೆಯದೊಂದು ನ್ಯಾರೋಬೋಟ್ ಕೊಂಡು ಅದರಲ್ಲೇ ವಾಸ ಮಾಡುತ್ತಿದ್ದಾನೆ. ಉಕ್ಕಿನ ಹೊಟ್ಟೆ, ಅಗಲ ಏಳಡಿಗೆ ಎರಡಿಂಚು ಕಮ್ಮಿ. ನಮ್ಮ ಸಿಟಿ ಬಸ್ಸಿಗಿಂತ ಕಿರಿದು. ಕಟ್ಟಿದ್ದು 1971ರಲ್ಲಿ. ಹೀಟರ್ ಮಾತ್ರ ಆಮೇಲೆ ಯಾರೋ ಬದಲಿಸಿದ್ದಾರೆ. ಬಿಸಿಗಾಳಿ ಸಾಗಿಸುವ ಪೈಪುಗಳು, ಅಂದರೆ ಡಕ್ಟುಗಳು, ಹಳೆಯವೇ.

ನಾನು ಮೊದಲು ಇಲ್ಲಿನ ಹತ್ತಿ ಮಿಲ್ಲೊಂದರ ಬಾಯ್ಲರ್ ಮನೆಯಲ್ಲಿ ಫಿಟ್ಟರ್ ಆಗಿದ್ದೆ. ಮಿಲ್ಲು ಮುಚ್ಚಿದ ಮೇಲೆ ಜನರೇಟರ್, ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದೇನೆ. ಹೀಗಾಗಿ ಪೈಪು, ಬೆಂಕಿ, ಹೊಗೆ ಅಂದರೆ ಅವನಿಗೆ ನೆನಪಾಗುವುದು ನಾನೇ.

"ಮಾವ, ಹೀಟರ್ ಹಾಕಿ ಅರ್ಧ ಗಂಟೆ ಆದ್ರೆ ತಲೆ ಹಿಡ್ಕಂತೈತ್ರಿ. ಸ್ವಲ್ಪ ಡೀಸೆಲ್ ವಾಸನೆನೂ ಐತಿ. ಡಕ್ಟ್ ಹಳೇವು, ಧೂಳು ತುಂಬಿರ್ಬೇಕು. ಎಲ್ಲಾ ಕಿತ್ತು ಹೊಸದು ಹಾಕ್ಲೇನ್ರಿ?"

"ದಡದ ಮೇಲೆ ಹೋಗಿ ನಿಂತ್ರೆ?"

"ಸ್ವಲ್ಪ ಹೊತ್ತಿಗೆ ಆರಾಮ್ ಅನಸ್ತೈತಿ."

ಈ ಒಂದು ಉತ್ತರಕ್ಕೆ ನಾನು ಕುರ್ಚಿಯಿಂದ ಎದ್ದೆ. ಧೂಳಿಗೆ ಸೀನು ಬರುತ್ತದೆ, ಕೆಮ್ಮು ಬರುತ್ತದೆ. ಹೀಟರ್ ಹಾಕಿದಾಗ ಬಂದು, ಹೊರಗೆ ಹೋದರೆ ಇಳಿಯುವ ತಲೆನೋವಿಗೆ ಧೂಳು ಕಾರಣವಲ್ಲ. ಅದು ಕಾರ್ಬನ್ ಮಾನಾಕ್ಸೈಡ್ ಎಂದು ಹಿಡಿದೇ ಮುಂದಕ್ಕೆ ಹೋಗಬೇಕು.

ಮೊದಲು ಆರಿಸಿ

ಹುಡುಕಾಟ ಆಮೇಲೆ. ಹೀಟರ್ ಆಫ್ ಮಾಡಿ. ಕಿಟಕಿ, ಬಾಗಿಲು ಎಲ್ಲಾ ತೆಗೆಯಿರಿ. ಹೊರಗೆ ಬನ್ನಿ. ತಲೆನೋವಿನ ಜೊತೆ ವಾಕರಿಕೆ, ತಲೆ ಸುತ್ತು ಇದ್ದರೆ ಡಾಕ್ಟರ ಹತ್ತಿರ ಹೋಗಿ. "ಹೀಟರ್ ಹೊಗೆ ಕುಡಿದಿರಬಹುದು" ಎಂದು ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಅವರು ಜ್ವರದ ಮಾತ್ರೆ ಕೊಟ್ಟು ಕಳಿಸಬಹುದು. ಏಕೆಂದರೆ ಲಕ್ಷಣ ಹೆಚ್ಚುಕಮ್ಮಿ ಫ್ಲೂ ತರಹವೇ ಇರುತ್ತದೆ, ಜ್ವರವೊಂದು ಬಿಟ್ಟು.

ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂತುಬಿಡುತ್ತದೆ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ. ಡೀಸೆಲ್ ವಾಸನೆ ಬಂದದ್ದು ಅವನ ಅದೃಷ್ಟ. ಹೊಗೆಯಲ್ಲಿನ ಬೇರೆ ಕೊಳಕುಗಳು ಮೂಗಿಗೆ ಸುದ್ದಿ ಮುಟ್ಟಿಸಿದವು. ನಮ್ಮಲ್ಲಿ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇಟ್ಟು, ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರಿಗೆ ಆ ಸುದ್ದಿಯೂ ಸಿಗುವುದಿಲ್ಲ.

"ಅಲಾರಂ ಇಲ್ವೇನೋ?" ಅಂದೆ. ಇತ್ತು. ಅಲ್ಲಿನ ಒಳನಾಡು ಜಲಮಾರ್ಗಗಳಲ್ಲಿ ವಾಸದ ಜಾಗ ಇರುವ ಬೋಟುಗಳಿಗೆ ಏಪ್ರಿಲ್ 2019ರಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ಆದರೆ ಅದು ಕೂಗಿರಲಿಲ್ಲ. ಕೆಟ್ಟಿದೆ ಎಂದು ಇವನು ಅದನ್ನು ಡ್ರಾಯರಿಗೆ ಹಾಕಿದ್ದ. ನಿಜ ಹೇಳಬೇಕೆಂದರೆ ಅದು ಕೆಟ್ಟಿರಲೇ ಇಲ್ಲ. ಯುರೋಪಿನ ನಿಯಮದಂತೆ ಈ ಅಲಾರಂಗಳು 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು ಈ ಅನಿಲ) ಇದ್ದಾಗ 60ರಿಂದ 90 ನಿಮಿಷದೊಳಗೆ ಕೂಗಬೇಕು. 100 ಪಿಪಿಎಂಗೆ 10ರಿಂದ 40 ನಿಮಿಷ. 300 ದಾಟಿದರೆ ಮೂರು ನಿಮಿಷದೊಳಗೆ. ಇವನು ಅರ್ಧ ಗಂಟೆಗೆಲ್ಲಾ ತಲೆ ಹಿಡಿದುಕೊಂಡು ಹೊರಗೆ ಓಡುತ್ತಿದ್ದ. ಅದಕ್ಕೆ ಕೂಗಲು ಹೊತ್ತೇ ಸಿಕ್ಕಿಲ್ಲ.

ಹಾಗಾಗಿ ದೋಷ ಹುಡುಕಲು ಬರೀ ಕೂಗುವ ಅಲಾರಂ ಸಾಲದು. ಅಂಕಿ ತೋರಿಸುವುದು ಬೇಕು. ಅದರ ಬೆನ್ನ ಮೇಲೆ ಇಎನ್ 50291-2 ಎಂದು ಇರಬೇಕು, ಬೋಟು ಮತ್ತು ಕ್ಯಾರವಾನಿಗೆ ಆಗುವುದು ಅದು. ಮುಗಿಯುವ ತಾರೀಖೂ ಅಲ್ಲೇ ಇರುತ್ತದೆ, ನೋಡಿಕೊಳ್ಳಿ. ಬ್ಯಾಟರಿ ಹೊಸದು ಹಾಕಿದರೂ ಒಳಗಿನ ಸೆನ್ಸರಿಗೆ ಆಯಸ್ಸು ಮುಗಿದಿರಬಹುದು.

ಒಂದು ಪೆಟ್ಟಿಗೆ, ಎರಡು ಗಾಳಿ

ಡೀಸೆಲ್ ಏರ್ ಹೀಟರ್ ನೋಡಲು ಉದ್ದನೆಯ ಡಬ್ಬಿ. ಒಳಗೆ ಎರಡು ಗಾಳಿ ಓಡುತ್ತವೆ, ಒಂದಕ್ಕೊಂದು ಸೇರಬಾರದು. ಮೊದಲನೆಯದು ಬೆಂಕಿಯ ಗಾಳಿ. ಸಣ್ಣ ಪೈಪಿನಲ್ಲಿ ಒಳಗೆ ಬಂದು, ಡೀಸೆಲ್ ಜೊತೆ ಉರಿದು, ಹೊಗೆಯಾಗಿ ಸ್ಟೀಲಿನ ಸುರುಳಿ ಪೈಪಿನಲ್ಲಿ ಬೋಟಿನ ಪಕ್ಕದ ತೂತಿನಿಂದ ಹೊರಗೆ ಹೋಗುತ್ತದೆ. ಎರಡನೆಯದು ನಮ್ಮ ಗಾಳಿ. ದೊಡ್ಡ ಫ್ಯಾನು ಅದನ್ನು ಎಳೆದು, ಬಿಸಿಯಾದ ಲೋಹದ ರೆಕ್ಕೆಗಳ ಮೇಲೆ ಹಾಯಿಸಿ, ಡಕ್ಟಿಗೆ ತಳ್ಳುತ್ತದೆ. ನಡುವೆ ಇರುವ ಲೋಹದ ಗೋಡೆಯೇ ಹೀಟ್ ಎಕ್ಸ್‌ಚೇಂಜರ್.

ನಮ್ಮ ಮಂಡಕ್ಕಿ ಭಟ್ಟಿಯಲ್ಲೂ ಲೆಕ್ಕ ಇದೇ. ಬೆಂಕಿ ಕೆಳಗೆ, ಮರಳು ಬಾಂಡ್ಲಿಯಲ್ಲಿ. ಶಾಖ ಮಾತ್ರ ದಾಟಬೇಕು, ಹೊಗೆ ದಾಟಬಾರದು. ಬಾಂಡ್ಲಿ ತೂತಾದರೆ ಮಂಡಕ್ಕಿಯ ಬಣ್ಣವೇ ಹೇಳಿಬಿಡುತ್ತದೆ. ಬೋಟಿನಲ್ಲಿ ಹೇಳುವುದು ತಲೆನೋವು.

ಹಳೇ ಡಕ್ಟ್ ಪರೀಕ್ಷೆ ಅಂದರೆ ಎಲ್ಲರೂ ಬಿಸಿಗಾಳಿ ಬರುವ ಬಾಯಿಗೆ ಮೂಗು ಇಡುತ್ತಾರೆ. ಅಲ್ಲಿಂದ ಶುರು ಮಾಡಬೇಡಿ. ಫ್ಯಾನು ಗಾಳಿಯನ್ನು ಎಲ್ಲಿಂದ ಎಳೆಯುತ್ತಿದೆ, ಅದನ್ನು ಮೊದಲು ನೋಡಿ. ನಾನೂ ಇದನ್ನು ತಡವಾಗಿಯೇ ನೋಡಿದ್ದು.

ನನ್ನ ಮೊದಲ ಊಹೆ ತಪ್ಪಾಯಿತು

ಮೊದಲ ಭಾನುವಾರ ಪೂರ್ತಿ ನಾನು ಎಕ್ಸ್‌ಚೇಂಜರ್ ಸೀಳಿದೆ ಎಂದೇ ಹಟ ಹಿಡಿದೆ. ಅದಕ್ಕೆ ಕಾರಣವೂ ಇತ್ತು. ಇಂಥ ಹೀಟರುಗಳ ಕೈಪಿಡಿಗಳಲ್ಲಿ ಹತ್ತು ವರ್ಷಕ್ಕೆ ಎಕ್ಸ್‌ಚೇಂಜರ್ ಬದಲಿಸಿ ಎಂದು ಬರೆದಿರುವುದುಂಟು. ಬಿಸಿಯಾಗಿ ತಣ್ಣಗಾಗಿ ಲೋಹ ಸುಸ್ತಾಗುತ್ತದೆ. ಇವನ ಹೀಟರಿನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ.

ಬಿಸಿಗಾಳಿಯ ಬಾಯಿಗೆ ಒದ್ದೆ ಮಾಡಿದ ಬಿಳಿ ಬಟ್ಟೆ ಹಿಡಿಸಿದೆ. ಮಸಿ ಬರಲಿಲ್ಲ. ಮಸಿ ಬರದಿದ್ದರೆ ಎಕ್ಸ್‌ಚೇಂಜರ್ ಸರಿಯಿದೆ ಎಂದಲ್ಲ, ಕೂದಲೆಳೆ ಬಿರುಕಿನಿಂದ ಮಸಿ ಬರಲಿಕ್ಕಿಲ್ಲ, ಅನಿಲ ಬರುತ್ತದೆ. ಆದ್ದರಿಂದ ಬಟ್ಟೆ ಪರೀಕ್ಷೆಯನ್ನು ನಂಬಿ ಕೂರಬೇಡಿ. ಹೊರಗಿನ ಹೊಗೆ ತೂತನ್ನೂ ನೋಡಿಸಿದೆ. ಸ್ವಲ್ಪ ಕಪ್ಪು, ಅಷ್ಟೇ. ದಪ್ಪಗೆ ಒದ್ದೆ ಮಸಿ ಕಟ್ಟಿದ್ದರೆ ಬೆಂಕಿ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಆಗ ಬ್ಯಾಟರಿ ವೋಲ್ಟೇಜನ್ನು ಹೀಟರಿನ ಟರ್ಮಿನಲ್ಲಿನಲ್ಲೇ, ಸ್ಟಾರ್ಟ್ ಆಗುವ ಹೊತ್ತಿನಲ್ಲೇ ಅಳೆಯಬೇಕು. ಬೆಂಕಿ ಹೊತ್ತಿಸುವ ಗ್ಲೋ ಪ್ಲಗ್ ಕರೆಂಟು ಜಾಸ್ತಿ ಎಳೆಯುತ್ತದೆ. ತೆಳು ವೈರಿನಲ್ಲಿ ವೋಲ್ಟೇಜ್ ಕುಸಿದು ಬೆಂಕಿ ಅರ್ಧಂಬರ್ಧ ಹತ್ತುತ್ತದೆ. ಇವನದ್ದು ಅಲ್ಲಿ ಸರಿಯಿತ್ತು.

ಎರಡನೇ ಭಾನುವಾರ "ಹೀಟರ್ ಇರೋ ಜಾಗ ತೋರ್ಸು" ಅಂದೆ. ಹಿಂದಿನ ಮೆಟ್ಟಿಲ ಕೆಳಗೆ ಒಂದು ಗೂಡು. ಪಕ್ಕದಲ್ಲೇ ಎಂಜಿನ್, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಅದರಲ್ಲೂ ವೈರು ಹಾಯಿಸಲು ಕೊರೆದ ತೂತುಗಳು. ಹೀಟರಿನ ಗಾಳಿ ಎಳೆಯುವ ಬಾಯಿಗೆ ಪೈಪೇ ಇಲ್ಲ. ಆ ಗೂಡಿನ ಗಾಳಿಯನ್ನೇ ಕುಡಿಯುತ್ತಿದೆ! ಅದನ್ನೇ ಬಿಸಿ ಮಾಡಿ ಹುಡುಗನ ಮುಖಕ್ಕೆ ಊದುತ್ತಿದೆ.

ಊದುಬತ್ತಿ ಪರೀಕ್ಷೆ

ತಂಗಿ ಕಳಿಸಿದ ಊದುಬತ್ತಿ ಅವನ ಹತ್ತಿರ ಯಾವಾಗಲೂ ಇರುತ್ತದೆ. ಹೊಗೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಆದರೆ ಬೋಟಿನಲ್ಲಿ ಕಿಡಿ ತರುವ ಮೊದಲು ಗ್ಯಾಸ್ ವಾಲ್ವ್ ಮುಚ್ಚಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಹೊರಗೆ ಹರಿದೀತು, ಬೋಟಿನಲ್ಲಿ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಬಗ್ಗಿ ತಳದ ವಾಸನೆ ನೋಡಿ. ಗ್ಯಾಸಿನ ಅಥವಾ ಪೆಟ್ರೋಲಿನ ವಾಸನೆ ಇದ್ದರೆ ಊದುಬತ್ತಿ ಡಬ್ಬಿಯಲ್ಲೇ ಇರಲಿ.

ಬೆಂಕಿ ಹಚ್ಚದೆ ಫ್ಯಾನ್ ಮಾತ್ರ ಓಡಿಸುವ ಸ್ವಿಚ್ ಬಹಳ ಹೀಟರುಗಳಲ್ಲಿರುತ್ತದೆ. ಅದನ್ನು ಹಾಕಿ, ಊದುಬತ್ತಿಯನ್ನು ಗೂಡಿನ ಸಂದಿಗಳಲ್ಲಿ ಹಿಡಿದು ನೋಡಿ. ಅಡ್ಡಗೋಡೆಯ ತೂತಿನ ಹತ್ತಿರ ಹಿಡಿದಾಗ ಹೊಗೆ ಎಂಜಿನ್ ಕಡೆಯಿಂದ ಗೂಡಿನ ಕಡೆಗೆ ಬಾಗಿತು. ಅಂದರೆ ಎಂಜಿನ್ ರೂಮಿನ ಗಾಳಿಯೂ ಬರುತ್ತಿದೆ. ಡೀಸೆಲ್ ವಾಸನೆಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಇನ್ನರ್ಧಕ್ಕೆ ಒಂದು ಸಣ್ಣ ಉಪಾಯ ಮಾಡಿದೆವು. ಎಕ್ಸ್‌ಚೇಂಜರ್ ಸೀಳಿದ್ದರೆ ಫ್ಯಾನು ಎಲ್ಲಿಂದ ಗಾಳಿ ಎಳೆದರೂ ವಿಷ ಬರಲೇಬೇಕು. ಗೂಡಿನ ಗಾಳಿ ಕೆಟ್ಟಿದ್ದರೆ, ಗಾಳಿಯ ಮೂಲ ಬದಲಿಸಿದ ಕೂಡಲೇ ನಿಲ್ಲಬೇಕು. ಹಾಗಾಗಿ ಎರಡು ಸಲ ಓಡಿಸಿದೆವು. ಮೊದಲು ಇದ್ದ ಹಾಗೆ. ಆಮೇಲೆ ಎಳೆಯುವ ಬಾಯಿಗೆ ಹೊಸ ಡಕ್ಟ್ ತುಂಡು ಸಿಕ್ಕಿಸಿ, ಅಲ್ಯೂಮಿನಿಯಂ ಟೇಪು ಸುತ್ತಿ, ಇನ್ನೊಂದು ತುದಿ ಕಿಟಕಿಯಿಂದ ಹೊರಗೆ, ಹೊಗೆ ತೂತು ಇರುವ ಕಡೆಗಲ್ಲ, ಎದುರು ಮಗ್ಗುಲಿಗೆ.

ಎರಡೂ ಸಲ ಅವನು ದಡದ ಮೇಲೆ. ಬೋಟಿನೊಳಗೆ ಯಾರೂ ಇಲ್ಲ. ಮೇಜಿನ ಮೇಲೆ ಮೀಟರು, ಅದರ ಮುಂದೆ ಆನ್ ಆಗಿರುವ ಫೋನು. ದಾವಣಗೆರೆಯಲ್ಲಿ ಕೂತು ನಾನು ಅಂಕಿ ಓದುವುದು, ಅವನು ಇನ್ನೊಂದು ಫೋನಿನಲ್ಲಿ "ಎಷ್ಟಾತ್ರಿ ಮಾವ?" ಎನ್ನುವುದು. ನನ್ನ ಹೆಂಡತಿ ಊಟಕ್ಕೆ ಕರೆದು ಕರೆದು ಸುಮ್ಮನಾದಳು. ಮೀಟರನ್ನು ಬಿಸಿಗಾಳಿ ನೇರ ಬಡಿಯುವ ಜಾಗದಲ್ಲಿ ಇಡಬೇಡಿ, ಸೆನ್ಸರ್ ಹಾಳಾಗುತ್ತದೆ.

ಮೊದಲ ಸಲ ಇಪ್ಪತ್ತು ನಿಮಿಷಕ್ಕೆ 46. ಆರಿಸಿ, ಪೂರ್ತಿ ಗಾಳಿ ಆಡಿಸಿ, ಎರಡನೇ ಸಲ ಓಡಿಸಿದರೆ ಅಷ್ಟೇ ಹೊತ್ತಿಗೆ 0. ಕೆಲವು ಮೀಟರುಗಳು ತೀರಾ ಕಮ್ಮಿ ಇದ್ದಾಗಲೂ 0 ಎಂದೇ ತೋರಿಸುತ್ತವೆ, ಅದು ನೆನಪಿರಲಿ. ಆದರೂ 46 ಎಲ್ಲಿ, ಇದೆಲ್ಲಿ. ನನ್ನ ಎಕ್ಸ್‌ಚೇಂಜರ್ ವಾದ ಬಿದ್ದುಹೋಯಿತು. ವಿಷ ಹುಟ್ಟುತ್ತಿರುವುದು ಗೂಡಿನಲ್ಲೇ.

ಲಾರಿ ಸೈಲೆನ್ಸರ್

ಎಂಜಿನ್ ಆಫ್ ಇತ್ತು. ಅಂದರೆ ಗೂಡಿನಲ್ಲಿ ಹೊಗೆ ಇರುವುದು ಹೀಟರಿನ ಹೊಗೆ ಪೈಪಿನಲ್ಲಿ ಮಾತ್ರ. ಪೂರ್ತಿ ತಣ್ಣಗಾದ ಮೇಲೆ ಟಾರ್ಚು, ಸಣ್ಣ ಕನ್ನಡಿ ಹಿಡಿದು ಪೈಪಿನುದ್ದಕ್ಕೂ ನೋಡಿಸಿದೆ. ಕ್ಲಿಪ್ಪುಗಳ ಹತ್ತಿರ, ಪೈಪು ಬಾಗುವ ಕಡೆ, ಬೋಟಿನ ಗೋಡೆ ದಾಟುವ ಕಡೆ ಕಪ್ಪು ಗೆರೆ ಇದೆಯಾ ಅಂತ. ಕ್ಲಿಪ್ಪುಗಳೆಲ್ಲ ಬಿಗಿಯಾಗಿದ್ದವು. ನಡುವೆ ಟೀ ಲೋಟದಷ್ಟು ಒಂದು ಸೈಲೆನ್ಸರ್. ಅದರ ಕೆಳಗೆ ಪ್ಲೈವುಡ್ ಮೇಲೆ ರೂಪಾಯಿ ಅಗಲದ ಕಪ್ಪು ಕಲೆ.

"ಕನ್ನಡಿ ಕೆಳಗೆ ಹಿಡಿ."

"ಸಣ್ಣ ತೂತು ಐತ್ರಿ ಮಾವ. ತುಕ್ಕು ಹಿಡಿದು ಆಗಿದ್ದಲ್ಲ. ನೀಟಾಗಿ ಡ್ರಿಲ್ ಮಾಡ್ದಂಗೈತಿ."

ನಿಜವಾಗಲೂ ಅದು ಕಂಪನಿಯಲ್ಲೇ ಮಾಡಿದ ತೂತು! ಹೊಗೆಯಲ್ಲಿನ ಆವಿ ತಣ್ಣಗಾದಾಗ ನೀರಾಗುತ್ತದೆ, ಆ ನೀರು ಇಳಿಯಲು ವಾಹನದ ಸೈಲೆನ್ಸರುಗಳಲ್ಲಿ ಹೀಗೆ ತೂತು ಬಿಡುತ್ತಾರೆ. ಲಾರಿಯ ಚಾಸಿ ಕೆಳಗೆ, ಬಯಲು ಗಾಳಿಯಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಬೋಟಿನ ಮುಚ್ಚಿದ ಗೂಡಿನೊಳಗೆ ಅದು ಹಗಲೂ ರಾತ್ರಿ ಹೊಗೆ ಬಿಡುವ ಚಿಮಣಿ. ಬೋಟಿಗೆ ತೂತಿಲ್ಲದ, ಜೋಡಣೆಯಲ್ಲೂ ಸಂದಿಯಿಲ್ಲದ ಬೇರೆಯೇ ಸೈಲೆನ್ಸರ್ ಬರುತ್ತದೆ. ಹಿಂದೆ ಹೀಟರ್ ಬದಲಿಸಿದ ಪುಣ್ಯಾತ್ಮ ವಾಹನದ ಕಿಟ್ಟನ್ನೇ ತಂದು ಕೂರಿಸಿದ್ದಾನೆ. ತೂತನ್ನು ಎಂ-ಸೀಲಿನಿಂದ ಮುಚ್ಚಲೇ ಅಂತ ಕೇಳಿದ. ಬೇಡ. ಆ ಬಿಸಿಗೆ ಅದು ನಿಲ್ಲುವುದಿಲ್ಲ, ಮಡಿಕೆ ಸಂದುಗಳಿಂದಲೂ ಹೊಗೆ ಬರುತ್ತದೆ. ಬೋಟಿನ ಸೈಲೆನ್ಸರೇ ಹಾಕಬೇಕು, ಹೊಸ ಕ್ಲಿಪ್ಪು, ಹೊಸ ಪೈಪು. ಅದನ್ನು ಅಲ್ಲಿನ ಹೀಟರ್ ಕೆಲಸದವರಿಂದಲೇ ಮಾಡಿಸಿದ. ಜೊತೆಗೆ ಗಾಳಿ ಎಳೆಯುವ ಬಾಯಿಗೆ ಕಾಯಂ ಪೈಪು ಹಾಕಿಸಿ, ಕೋಣೆಯೊಳಗಿನ ಗಾಳಿಗೆ ಸೇರಿಸಿದರು. ಅಡ್ಡಗೋಡೆಯ ತೂತುಗಳನ್ನೂ ಮುಚ್ಚಿದರು.

ಇನ್ನು ಡಕ್ಟು

ಡಕ್ಟನ್ನು ಪರೀಕ್ಷೆ ಮಾಡುವುದರಲ್ಲಿ ದೊಡ್ಡ ವಿದ್ಯೆಯಿಲ್ಲ. ಎಲ್ಲಿ ಚಪ್ಪಟೆಯಾಗಿದೆ, ಎಲ್ಲಿ ಜೋತುಬಿದ್ದು ನೀರು ನಿಂತಿದೆ, ಎಲ್ಲಿ ಮರಕ್ಕೆ ತಾಗಿ ಮರ ಕಂದಾಗಿದೆ, ಕೈಯಾಡಿಸಿದರೆ ಗೊತ್ತಾಗುತ್ತದೆ. ಮುಗ್ಗಲು ವಾಸನೆ ಬಂದರೆ ನೀರು, ಮೂತ್ರದ ವಾಸನೆ ಬಂದರೆ ಇಲಿ. ಹೀಟರಿನ ಹತ್ತಿರದ ಮೊದಲ ಒಂದೆರಡು ಅಡಿ ತುಂಬಾ ಬಿಸಿಯಾಗುತ್ತದೆ, ಅಲ್ಲಿ ವಾಷಿಂಗ್ ಮೆಷಿನ್ ಪೈಪಿನಂಥ ಪ್ಲಾಸ್ಟಿಕ್ ಇದ್ದರೆ ಅವತ್ತೇ ತೆಗೆಯಿರಿ. ಬಿಸಿಗಾಳಿಯ ಬಾಯಿಗಳಲ್ಲಿ ಒಂದಾದರೂ ಮುಚ್ಚಲು ಬಾರದಂತೆ ಇರಬೇಕು. ಎಲ್ಲಾ ಮುಚ್ಚಿದರೆ ಹೀಟರ್ ಉಸಿರುಕಟ್ಟಿ ಕಾದು ಆಫ್ ಆಗುತ್ತದೆ. ಪದೇ ಪದೇ ಹಾಗೆ ಕಾದರೆ ಎಕ್ಸ್‌ಚೇಂಜರಿನ ಆಯಸ್ಸು ಕಮ್ಮಿಯಾಗುತ್ತದೆ.

ಆದರೆ ಇದನ್ನೆಲ್ಲ ಮುಟ್ಟಿ ನೋಡುವ ಮೊದಲು ಮುಂದಿನದನ್ನು ಓದಿ.

ಬಿಳಿ ಟೇಪು

ಮೂರನೇ ಭಾನುವಾರ. ಹಳೇ ಡಕ್ಟ್ ಬದಲಿಸಲು ಅವನು ಬ್ಲೇಡು ಹಿಡಿದು ಕೂತಿದ್ದ. ಗೂಡಿನೊಳಗಿನ ಡಕ್ಟ್ ಜೋಡಣೆಗಳಿಗೆಲ್ಲ ಬೂದು ಬಿಳುಪಿನ ಕಾಗದದಂಥ ಟೇಪು ಸುತ್ತಿತ್ತು. ಅಂಚು ಕಿತ್ತು ಎಳೆ ಎಳೆಯಾಗಿತ್ತು. ಅದು ಸ್ಕ್ರೀನಿನಲ್ಲಿ ಕಂಡ ಕೂಡಲೇ "ಕೈ ತೆಗಿಯೋ!" ಎಂದು ಕಿರುಚಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಓಡಿ ಬಂದ.

ಕಲ್ನಾರು. ಆಸ್ಬೆಸ್ಟಾಸ್. ನಾವು ಮಿಲ್ಲಿನಲ್ಲಿ ಅದನ್ನು ಬಕೆಟ್ಟಿನಲ್ಲಿ ನೀರು ಹಾಕಿ ಸಗಣಿ ಕಲಸಿದಂತೆ ಕಲಸಿ, ಸ್ಟೀಮ್ ಪೈಪಿಗೆ ಬರಿಗೈಯಲ್ಲಿ ಮೆತ್ತುತ್ತಿದ್ದೆವು. ಲ್ಯಾಗಿಂಗ್ ಅನ್ನುತ್ತಿದ್ದೆವು. ಪೈಪು ಬಿಚ್ಚಬೇಕಾದರೆ ಸುತ್ತಿಗೆಯಿಂದ ಒಡೆದು, ಪೊರಕೆಯಿಂದ ಗುಡಿಸುವುದು. ಮೂಗಿಗೆ ಟವೆಲು. ಟವೆಲಿಗೆ ಈ ಎಳೆಗಳು ಲೆಕ್ಕವೇ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ, ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಉಳಿಯುತ್ತವೆ, ಕಾಯಿಲೆ ತೋರುವುದು ಹಲವು ದಶಕ ಕಳೆದ ಮೇಲೆ. ನನಗೆ ಇನ್ನೂ ಏನೂ ಆಗಿಲ್ಲ. ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸುತ್ತೇನೆ.

ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿ ನಿಷೇಧಿಸಿದರು, ಬಿಳಿಯದನ್ನು 1999ರಲ್ಲಿ. ಅದಕ್ಕಿಂತ ಮೊದಲಿನ ಯಾವ ಬೋಟಿನಲ್ಲಾದರೂ ಅದು ಇರಬಹುದು. ಹೊಗೆ ಪೈಪಿನ ಸುತ್ತು, ಒಲೆಯ ಹಿಂದಿನ ಹಲಗೆ, ಬಾಗಿಲ ಹಗ್ಗ, ಗ್ಯಾಸ್ಕೆಟ್, ಡಕ್ಟ್ ಟೇಪು. ಬಣ್ಣ ನೋಡಿ ಹೇಳಲು ಆಗುವುದಿಲ್ಲ. ನೀಲಿ, ಕಂದು, ಬಿಳಿ ಅನ್ನುವುದು ಕಚ್ಚಾ ಮಾಲಿನ ಹೆಸರು. ಕಲಸಿ, ಬಣ್ಣ ಬಳಿದು, ಐವತ್ತು ವರ್ಷ ಮಸಿ ತಿಂದ ಮೇಲೆ ಎಲ್ಲಾ ಒಂದೇ ಥರ.

ಅನುಮಾನ ಬಂದರೆ ಫ್ಯಾನು ಹಾಕಬೇಡಿ. ಗುಡಿಸಬೇಡಿ, ಊದಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರಂತೂ ಬೇಡವೇ ಬೇಡ, ಅದು ಸಣ್ಣ ಎಳೆಗಳನ್ನು ಹಿಂದಿನಿಂದ ಕೋಣೆಗೆಲ್ಲ ಚೆಲ್ಲುತ್ತದೆ. ಗೂಡು ಮುಚ್ಚಿ, ತರಬೇತಿ ಇರುವವರನ್ನು ಕರೆದು ಮಾದರಿ ತೆಗೆಸಿ, ಲ್ಯಾಬಿಗೆ ಕಳಿಸಿ. ಅವರು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುತ್ತಾರೆ.

ಇವನು ಎರಡು ಮಾದರಿ ಕಳಿಸಿದ. ಎಂಜಿನ್ನಿನ ಹೊಗೆ ಪೈಪಿಗೆ ಸುತ್ತಿದ್ದ ದಪ್ಪನೆಯ ಬಿಳಿ ಪಟ್ಟಿ ಕಲ್ನಾರೇ ಎಂದು ನಾನು ಆಣೆ ಇಟ್ಟು ಹೇಳಿದ್ದೆ. ಅದು ಗಾಜಿನ ನಾರು. ಕಾಗದದ ಟೇಪಿನಲ್ಲಿ ಮಾತ್ರ ಬಿಳಿ ಕಲ್ನಾರು ಇತ್ತು. ಮೂವತ್ತು ವರ್ಷ ಅದನ್ನೇ ಮೆತ್ತಿದ ಕೈಯೂ ಅರ್ಧ ತಪ್ಪಿತು ನೋಡಿ.

ಟೇಪು ಡಕ್ಟಿನ ಹೊರಗಿರುವುದು, ಒಳಗಿನ ಗಾಳಿಗೆ ಹೇಗೆ ಸೇರುತ್ತೆ ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಟೇಪು ಪುಡಿಯಾಗುತ್ತಿದ್ದದ್ದು ಅದೇ ಗೂಡಿನಲ್ಲಿ, ಅಲ್ವಾ? ಫ್ಯಾನು ಗಾಳಿ ಎಳೆಯುತ್ತಿದ್ದದ್ದೂ ಅಲ್ಲಿಂದಲೇ. ಹೊಗೆ ಬಂದ ದಾರಿಯಲ್ಲೇ ಎಳೆಯೂ ಬಂದಿರಬಹುದು. ಎಷ್ಟು ಬಂದಿದೆ ಎಂದು ಈಗ ಯಾರೂ ಅಳೆದು ಹೇಳಲಾರರು.

ಸೈಲೆನ್ಸರ್ ಹಾಕುವ ಮೊದಲೇ ಟೇಪು ಇದ್ದ ಡಕ್ಟನ್ನು ಕಲ್ನಾರು ತೆಗೆಯುವವರು ಬಂದು ತುಂಡಾಗಿಯೇ ಬಿಚ್ಚಿ, ಕವರಿಗೆ ಹಾಕಿ ಒಯ್ದರು. ಗೂಡನ್ನೂ ಅವರೇ ಒರೆಸಿಕೊಟ್ಟರು. ಹೊಸ ಡಕ್ಟು, ಹೊಸ ಸೈಲೆನ್ಸರ್ ಕೂತ ಮೇಲೆ ಮತ್ತೆ ಫೋನು ಮೇಜಿನ ಮೇಲೆ, ಹುಡುಗ ದಡದ ಮೇಲೆ. ಈ ಸಲ ಕಿಟಕಿ ಮುಚ್ಚಿ, ಪೂರ್ತಿ ಎರಡು ಗಂಟೆ. 0 ಅಲ್ಲಾಡಲಿಲ್ಲ. ಅವತ್ತು ರಾತ್ರಿಯಿಂದ ಅವನು ಒಳಗೆ ಮಲಗುತ್ತಿದ್ದಾನೆ, ಅಲಾರಂ ಡ್ರಾಯರಿನಿಂದ ಹೊರಗೆ ಬಂದು ಹಾಸಿಗೆಯ ಹತ್ತಿರ ಗೋಡೆಗೆ ಹತ್ತಿದೆ.

ಫೋನಿಟ್ಟ ಮೇಲೆ ನನ್ನ ಶೆಡ್ಡಿನ ಅಟ್ಟ ನೆನಪಾಯಿತು. ಮಿಲ್ಲು ಮುಚ್ಚಿದಾಗ ಬಾಯ್ಲರ್ ಬಾಗಿಲಿಗೆ ಹಾಕುವ ಕಲ್ನಾರು ಹಗ್ಗದ ಒಂದು ಸುರುಳಿ ತಂದಿಟ್ಟಿದ್ದೆ, ಯಾವಾಗಲಾದರೂ ಬೇಕಾದೀತು ಅಂತ. ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ, ಎರಡು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮೇಲೆ ಮಾರ್ಕರಿನಲ್ಲಿ "ಮುಟ್ಟಬೇಡಿ, ಕಲ್ನಾರು" ಎಂದು ಬರೆದಿಟ್ಟಿದ್ದೇನೆ. ಅದನ್ನು ಯಾರಿಗೆ ಒಪ್ಪಿಸಬೇಕು ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಆಫೀಸಿಗೆ ಹೋಗಿ ಕೇಳಬೇಕು. ಸೋಮವಾರ ಅಂಗಡಿ ತೆಗೆಯುವ ಮೊದಲು ಹೋಗಿ ಬರುತ್ತೇನೆ.